ಒಂಬತ್ತನೇ ಹೋಲಿನಲ್ಲಿ ಕೊಟ್ಟ ತೀರ್ಪು

ನನ್ನ ತಂಗಿಯ ಮಗಳು ಅಶ್ವಿನಿಗೆ ಒಂದು ಗಾಲ್ಫ್ ರೆಸಾರ್ಟಿನಲ್ಲಿ ಸಹಾಯಕ ಮ್ಯಾನೇಜರ್ ಕೆಲಸ ಸಿಕ್ಕಿದೆ. ಸೇರುವ ಮೊದಲು ಕಾಪುವಿನ ನಮ್ಮ ಮನೆಗೆ ಬಂದಿದ್ದಳು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, "ಮಾವ, ನೀವು ಇಷ್ಟು ವರ್ಷ ಅದೇ ಕೆಲಸ ಮಾಡಿದ್ದಲ್ವಾ? ಅಲ್ಲಿ ನಿಜವಾಗಿ ಎಂತ ಮಾಡ್ಲಿಕ್ಕೆ ಉಂಟು?" ಎಂದು ಕೇಳಿದಳು.

"ಹುಲ್ಲು ಬೆಳೆಸ್ಲಿಕ್ಕೆ ಉಂಟು" ಎಂದೆ.

ಅವಳು ನಕ್ಕು ಬೇರೆ ಮಾತಿಗೆ ಹೋದಳು. ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಹುಲ್ಲು ಬೆಳೆಸುವುದು ಆ ಕೆಲಸದ ಸುಲಭದ ಭಾಗ. ಕಷ್ಟದ ಭಾಗವನ್ನು ಯಾರೂ ಹೇಳಿಕೊಡುವುದಿಲ್ಲ. ಆದ್ದರಿಂದ ಅವಳಿಗಾಗಿ, ಅವಳ ಹಾಗೆ ಈ ಕೆಲಸಕ್ಕೆ ಹೋಗುವ ಇತರರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗ ಸಿಟ್ಟು ಬರುತ್ತದೆ. ಅದನ್ನು ಅಡಗಿಸಿಕೊಂಡು ಬರೆಯುವ ವಯಸ್ಸು ನನಗೆ ದಾಟಿದೆ.

ನಾನು ಗಾಲ್ಫ್ ಕಲಿತದ್ದು ಮಸ್ಕತ್ತಿನಲ್ಲಿ. ಅಲ್ಲಿ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಹೋಟೆಲಿನ ಹಿಂದೆ ಮರಳಿನ ಗಾಲ್ಫ್ ಮೈದಾನವಿತ್ತು. ಒಂದು ಎಸಳು ಹುಲ್ಲು ಇರಲಿಲ್ಲ. ಆಡುವವರು ಅಂಗೈಯಗಲದ ಒಂದು ಚಾಪೆ ಹಿಡಿದುಕೊಂಡು ಹೋಗಿ, ಚೆಂಡನ್ನು ಅದರ ಮೇಲಿಟ್ಟು ಹೊಡೆಯುತ್ತಿದ್ದರು. ಕುಳಿಯ ಸುತ್ತ ಎಣ್ಣೆ ಹಾಕಿ ಗಟ್ಟಿ ಮಾಡಿದ ಮರಳು. ರಜೆಯ ದಿನ ನಮಗೂ ಆಡಲು ಬಿಡುತ್ತಿದ್ದರು. ಮೊದಲ ಕೆಲವು ವಾರ ಚೆಂಡಿಗಿಂತ ಹೆಚ್ಚು ಮರಳೇ ಹಾರಿತು. ಆಮೇಲೆ ಒಂದು ಸಂಜೆ, ಯಾಕೋ ಏನೋ, ಒಂದು ಹೊಡೆತ ಸರಿಯಾಗಿ ಬಿತ್ತು. ಕೈಗೆ ಏನೂ ತಗಲಿದಂತೆ ಅನಿಸಲಿಲ್ಲ. ತಲೆಯೆತ್ತಿ ನೋಡಿದರೆ ಚೆಂಡು ಎಲ್ಲೋ ಮೇಲೆ, ಬಿಳಿಯ ಚುಕ್ಕಿಯಾಗಿ ಹೋಗುತ್ತಿತ್ತು. ಊರು ಬಿಟ್ಟು ಬಂದ ಮೇಲೆ ಅಷ್ಟು ಖುಷಿಯಾದದ್ದು ಅದೇ ಮೊದಲು. ಗಾಲ್ಫ್ ಹುಚ್ಚು ಹಿಡಿಯುವುದು ಹೀಗೆಯೇ. ನೂರು ಕೆಟ್ಟ ಹೊಡೆತಗಳ ನಡುವೆ ಒಂದು ಒಳ್ಳೆಯದು ಬೀಳುತ್ತದೆ, ಅದಕ್ಕಾಗಿ ಮರುದಿನವೂ ಹೋಗುತ್ತೇವೆ.

ಆಟವೂ ಎಷ್ಟು ಸರಳ. ಒಂದು ಚೆಂಡು, ದೂರದಲ್ಲಿ ಒಂದು ಕುಳಿ, ಅಲ್ಲಿಗೆ ಎಷ್ಟು ಕಡಿಮೆ ಹೊಡೆತದಲ್ಲಿ ಮುಟ್ಟಿಸುತ್ತೀರಿ ಎಂಬುದು ಲೆಕ್ಕ. ಸಾಮಾನ್ಯ ದಿನಗಳಲ್ಲಿ ಅಂಪೈರ್ ಇರುವುದಿಲ್ಲ. ಪೊದೆಯೊಳಗೆ ಹೋದ ಚೆಂಡಿನ ಹತ್ತಿರ ನೀವೊಬ್ಬರೇ ಇರುತ್ತೀರಿ. ಅಲ್ಲಿ ನಡೆದದ್ದನ್ನು ನೀವೇ ಹೊರಗೆ ಬಂದು ಹೇಳಬೇಕು. ಬೇರೆ ಯಾವ ಆಟದಲ್ಲೂ ಆಡುವವನ ಮೇಲೆ ಇಷ್ಟು ನಂಬಿಕೆ ಇಟ್ಟಿಲ್ಲ. ಆ ನಂಬಿಕೆಯನ್ನು ನಮ್ಮ ದೊಡ್ಡ ಮನುಷ್ಯರು ಹೇಗೆ ನಡೆಸಿಕೊಂಡರು ಎಂಬುದನ್ನು ಕೆಲಸದುದ್ದಕ್ಕೂ ನೋಡಿದವನು ನಾನು.

ಊರಿಗೆ ಮರಳಿದ ವರ್ಷ ಮಣಿಪಾಲದಿಂದ ಅಲೆವೂರಿನ ಕಡೆ ಇಳಿಯುವ ಕೆಂಪು ಮುರಕಲ್ಲಿನ ಗುಡ್ಡದಲ್ಲಿ ಒಂಬತ್ತು ಹೋಲುಗಳ, ಅಂದರೆ ಒಂಬತ್ತು ಕುಳಿಗಳ ಮೈದಾನ ಶುರುವಾಯಿತು. ಗಾಲ್ಫ್ ಕಂಡವನು ಎಂಬ ಒಂದೇ ಕಾರಣಕ್ಕೆ ನನ್ನನ್ನು ಮ್ಯಾನೇಜರ್ ಮಾಡಿದರು. ಸದಸ್ಯರಲ್ಲಿ ಮಣಿಪಾಲದ ಡಾಕ್ಟರುಗಳು, ಉಡುಪಿಯ ಬಿಲ್ಡರುಗಳು, ಮಲ್ಪೆಯ ಬೋಟು ಮಾಲಕರು, ಗಲ್ಫಿನಿಂದ ಬಂದವರು ಇದ್ದರು. ಅಧ್ಯಕ್ಷರು ಜಯಕರ ಎಂದು, ಕಾರ್ಕಳದವರು, ಗ್ರಾನೈಟ್ ಕೋರೆಗಳ ಧಣಿ. ಎತ್ತರದ ಆಳು, ದೊಡ್ಡ ಕೈ, ದೊಡ್ಡ ಧ್ವನಿ. ಎಲ್ಲರೂ ಜಯಕರಣ್ಣ ಎನ್ನುತ್ತಿದ್ದರು. ನಾನು ಸರ್ ಎನ್ನುತ್ತಿದ್ದೆ. ಗುಡ್ಡ ಸಮತಟ್ಟು ಮಾಡಿದ್ದು ಅವರ ಯಂತ್ರಗಳು. ಅದನ್ನು ಯಾರೂ ಮರೆಯದ ಹಾಗೆ ಅವರು ನೋಡಿಕೊಂಡರು. ಪೊದೆಗೆ ಹೋದ ಅವರ ಚೆಂಡು ಯಾವಾಗಲೂ ಒಳ್ಳೆಯ ಜಾಗದಲ್ಲೇ ಸಿಗುತ್ತದೆ ಎಂದು ಚೀಲ ಹೊರುವ ಹುಡುಗರು ತಮ್ಮೊಳಗೆ ನಗುತ್ತಿದ್ದರು.

ಮೊದಲು ಕೆಲಸದ ಮಾತು. ಮುರಕಲ್ಲಿನ ಮೇಲೆ ಹುಲ್ಲು ನಿಲ್ಲುವುದಿಲ್ಲ. ಗದ್ದೆಯ ಮಣ್ಣು ತಂದು ಹರಡಿದರೆ ಜೂನ್ ತಿಂಗಳ ಮೊದಲ ಜೋರು ಮಳೆಗೆ ಅರ್ಧ ಮಣ್ಣು ಕೆಳಗಿನ ತೋಡಿಗೆ ಹೋಗುತ್ತಿತ್ತು. ಮಾರ್ಚ್ ಬಂದರೆ ನೀರಿಲ್ಲ. ಹುಲ್ಲನ್ನು ತುಂಡು ತುಂಡಾಗಿ ಕೈಯಿಂದ ನೆಟ್ಟು, ಅಂಚಿಗೆ ತೆಂಗಿನ ಸಿಪ್ಪೆ ಒತ್ತಿ ಮಣ್ಣು ನಿಲ್ಲಿಸಲು ಕೆಲವು ವರ್ಷಗಳೇ ಹೋದವು. ಕುಳಿಯ ಸುತ್ತಲಿನ ಭಾಗವನ್ನು ಗ್ರೀನ್ ಎನ್ನುತ್ತಾರೆ. ಅಲ್ಲಿ ಹುಲ್ಲು ಜಮಖಾನೆಯ ಹಾಗೆ ಗಿಡ್ಡವಾಗಿರಬೇಕು. ಮೊದಲು ಕೈಯಿಂದ ದೂಡುವ ಯಂತ್ರದಲ್ಲಿ ಕತ್ತರಿಸುತ್ತಿದ್ದೆವು, ಆಮೇಲೆ ಪೆಟ್ರೋಲಿನದ್ದು ಬಂತು, ಕೊನೆಗೆ ಕುಳಿತು ಓಡಿಸುವಂಥದ್ದು. ಚೀಲ ಹೊರುವ ಕ್ಯಾಡಿಗಳ ಬದಲು ಬ್ಯಾಟರಿ ಗಾಡಿ ಬಂತು. ನಾಲ್ಕು ಹೆಜ್ಜೆ ನಡೆಯಲಿಕ್ಕೆಂದು ಇರುವ ಆಟಕ್ಕೆ ಬಂದು ನಡೆಯದೆ ಹೋಗುವವರನ್ನು ಅಲ್ಲಿಯೇ ನೋಡಿದ್ದು. ಅಶ್ವಿನಿ, ಯಂತ್ರಗಳು ಬದಲಾಗುತ್ತವೆ, ನೀನು ಕಲಿತುಕೊಳ್ಳುತ್ತಿ. ಆದರೆ ಯಾವ ಯಂತ್ರ ಬಂದರೂ ದಿನಾ ಬೆಳಿಗ್ಗೆ ಗ್ರೀನಿನ ಮೇಲೆ ಬರಿಗಾಲಲ್ಲಿ ನಡೆದು ನೋಡು. ಎಲ್ಲಿ ನೀರು ಕಡಿಮೆಯಾಗಿದೆ ಎಂದು ಪಾದಕ್ಕೆ ತಿಳಿಯುತ್ತದೆ.

ಹಾಗೆ ಬೆಳೆಸಿದ ಗ್ರೀನಿನ ಮೇಲೆ ಒಂದು ವರ್ಷ ಮದುವೆ ರಿಸೆಪ್ಷನ್ ಇಟ್ಟರು. ಕಮಿಟಿಯ ಒಬ್ಬರ ಮಗಳದ್ದು. ನಾನು ಬೇಡವೆಂದು ಕೈಮುಗಿದು ಹೇಳಿದೆ. "ಹುಲ್ಲು ಅಲ್ವಾ ಮಾರಾಯ, ಪುನಃ ಬರ್ತದೆ" ಎಂದರು. ಮಂಟಪದ ಕಂಬಗಳಿಗೆ ಗುಂಡಿ ತೋಡಿದರು. ಹೈಹೀಲ್ಡ್ ಚಪ್ಪಲಿಗಳು ಗ್ರೀನಿನ ಮೇಲೆ ಸಿಡುಬಿನ ಕಲೆಯ ಹಾಗೆ ತೂತು ಮಾಡಿದವು. ಐಸ್‌ಕ್ರೀಮಿನ ಡಬ್ಬಿಗಳನ್ನು ತಣ್ಣಗಿಡುವ ಉಪ್ಪುನೀರು ಚೆಲ್ಲಿದಲ್ಲಿ ಹುಲ್ಲು ಸುಟ್ಟು ಹೋಯಿತು. ಮುಂದಿನ ತಿಂಗಳ ಕಮಿಟಿ ಮೀಟಿಂಗಿನಲ್ಲಿ ಅದೇ ಮನುಷ್ಯ ಎದ್ದು ನಿಂತು, ಗ್ರೀನ್ ಯಾಕೆ ಇಷ್ಟು ಹಾಳಾಗಿದೆ, ಮ್ಯಾನೇಜರ್ ಏನು ಮಾಡುತ್ತಿದ್ದಾರೆ ಎಂದು ಕೇಳಿದರು. ನಾನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂತು, ವಿಷಯ ಬದಲಾಯಿತು.

ಇನ್ನೊಂದು ನಿಯಮವಿತ್ತು. ಕೆಲಸದವರು ಮೈದಾನದಲ್ಲಿ ಆಡುವಂತಿಲ್ಲ, ಸೋಮವಾರ ಬೆಳಿಗ್ಗೆ ಮಾತ್ರ ಆಡಬಹುದು, ಏಕೆಂದರೆ ಸೋಮವಾರ ಮೈದಾನಕ್ಕೆ ರಜೆ. ಪ್ರತಿಯೊಂದು ಇಳಿಜಾರನ್ನೂ ನಾನೇ ಮಾಡಿಸಿದ್ದೆ. ಅದರ ಮೇಲೆ ಚೆಂಡು ಹೇಗೆ ಉರುಳುತ್ತದೆ ಎಂದು ನೋಡಲು ನನಗೆ ವಾರಕ್ಕೊಂದು ಬೆಳಿಗ್ಗೆ. ಆ ಬೆಳಿಗ್ಗೆಗಳನ್ನು ನಾನು ಬಿಟ್ಟುಕೊಟ್ಟವನಲ್ಲ. ಒಬ್ಬನೇ ನಾಲ್ಕು ಕೋಲು ಹಿಡಿದು ಹೊರಡುತ್ತಿದ್ದೆ. ನವಿಲುಗಳು ಮೂರನೇ ಹೋಲಿನ ದಿಬ್ಬದ ಮೇಲೆ ನಿಂತು ಕೂಗುತ್ತಿದ್ದವು. ಚೆಂಡು ತೋಡಿಗೆ ಬಿದ್ದರೆ ಬಿದ್ದಲ್ಲಿಂದಲೇ ಹೊಡೆಯುತ್ತಿದ್ದೆ, ಎಷ್ಟು ಹೊಡೆತವಾದರೂ ಎಣಿಸುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ. ನೋಡದಿದ್ದಾಗಲೇ ಆ ಎಣಿಕೆಯಲ್ಲಿ ಒಂದು ಸುಖ ಇತ್ತು.

ಐರಿನ್ ಬಾಯಿ ಸದಸ್ಯರಾದದ್ದು ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ. ಶಿರ್ವದ ಕಡೆಯ ಕ್ರೈಸ್ತರು; ಅಂಥ ಹೆಂಗಸರನ್ನು ನಮ್ಮಲ್ಲಿ ಮರ್ಯಾದೆಗೆ ಬಾಯಿ ಎನ್ನುತ್ತೇವೆ. ಮದುವೆಯಾಗಿರಲಿಲ್ಲ, ಕುವೈತಿನ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾಗಿ ಬಂದವರು. ಕೂದಲು ಗಿಡ್ಡ, ಮಾತು ಕಡಿಮೆ. ಅವರೂ ನನ್ನ ಹಾಗೆ ಮರಳಿನ ಮೇಲೆ ಕಲಿತವರು. ಮೊದಲ ದಿನ ಗ್ರೀನಿಗೆ ಬಂದವರು ಚೆಂಡನ್ನು ಬಿಟ್ಟು ಹುಲ್ಲನ್ನೇ ಕೈಯಿಂದ ಸವರಿ, "ಇದನ್ನು ಇಲ್ಲಿ ಬೆಳೆಸಿದ್ದು ಯಾರು?" ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದ ಸದಸ್ಯರು ಅವರೊಬ್ಬರೇ.

ಅವರು ಆಡುವುದನ್ನು ನೋಡಬೇಕಿತ್ತು. ದೂರ ಹೊಡೆಯುತ್ತಿರಲಿಲ್ಲ. ಆದರೆ ಎಲ್ಲಿ ಇಡಬೇಕೆಂದಿದ್ದಾರೋ ಅಲ್ಲಿಯೇ ಚೆಂಡು ಇರುತ್ತಿತ್ತು. ಒಮ್ಮೆ ಗುರಿ ನೋಡುವುದು, ಹೊಡೆಯುವುದು, ನಡೆಯುವುದು. ಗಂಡಸರು ನಾಲ್ಕು ಸಲ ಕೋಲು ಬೀಸಿ, ಸೊಂಟ ತಿರುಗಿಸಿ, ಪ್ಯಾಂಟು ಮೇಲೆಳೆದು, ಗಾಳಿಗೆ ಹುಲ್ಲು ಹಾರಿಸಿ ನೋಡಿ ಆಮೇಲೆ ಪೊದೆಗೆ ಹೊಡೆಯುತ್ತಿದ್ದರಲ್ಲ, ಅದೆಲ್ಲ ಅವರಲ್ಲಿ ಇರಲಿಲ್ಲ.

ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಹೆಂಗಸರಿಗೆ ಮೈದಾನ ಇಲ್ಲ ಎಂದು ಬೋರ್ಡು ಹಾಕಿತ್ತು. ಐರಿನ್ ಬಾಯಿ ಇಗರ್ಜಿಯ ಮೊದಲ ಪೂಜೆ ಮುಗಿಸಿ ಒಂದು ಭಾನುವಾರ ನೇರವಾಗಿ ಬಂದರು. ಕಮಿಟಿಯವರು ನನ್ನನ್ನು ಕಳುಹಿಸಿದರು. ನಿಯಮ ಮಾಡುವವರು ಅವರು, ಅದನ್ನು ಮುಖಕ್ಕೆ ಹೇಳಬೇಕಾದವನು ನಾನು. ಈ ಕೆಲಸ ಎಂದರೆ ಅದು, ಅಶ್ವಿನಿ, ಬರೆದಿಟ್ಟುಕೋ.

"ಬಾಯಿ, ಭಾನುವಾರ ಬೆಳಿಗ್ಗೆ ಹೆಂಗಸರು ಆಡುವ ಹಾಗಿಲ್ಲ ಅಂತ ಕಮಿಟಿಯವರು ಹೇಳ್ಲಿಕ್ಕೆ ಹೇಳಿದ್ದಾರೆ" ಎಂದೆ.

"ಕಾರಣ ಎಂತ?"

"ಹೆಂಗಸರು ನಿಧಾನ ಆಡ್ತಾರೆ, ಹಿಂದಿನವರಿಗೆ ತೊಂದರೆ ಆಗ್ತದೆ ಅಂತ."

"ಹಾಗಾದರೆ ನಿಧಾನ ಆಡುವವರಿಗೆ ಇಲ್ಲ ಅಂತ ಬೋರ್ಡು ಹಾಕಿ ಸದಾನಂದ್ರೆ. ನಾನು ಒಪ್ತೇನೆ. ನೀವು ಹೇಳುವುದನ್ನು ಹೇಳಿ ಆಯಿತಲ್ವಾ? ಇನ್ನು ನೀವು ಹೋಗಿ."

ಜಯಕರ ಮತ್ತು ಅವರ ಮೂವರು ಗೆಳೆಯರು ಆಗಷ್ಟೇ ಹೊರಟಿದ್ದರು. ಐರಿನ್ ಬಾಯಿ ಅವರ ಹಿಂದೆಯೇ ಒಬ್ಬರೇ ಹೊರಟರು. ಪ್ರತಿಯೊಂದು ಹೋಲಿನಲ್ಲಿಯೂ ಮುಂದಿನವರು ಮುಗಿಸುವ ತನಕ ಅವರು ಕೋಲು ಊರಿ ನಿಂತು ಕಾಯುತ್ತಿದ್ದರು. ಒಮ್ಮೆಯೂ ದೂರಲಿಲ್ಲ. ಮುಂದಿನ ನಾಲ್ವರು ತಿರುಗಿ ತಿರುಗಿ ನೋಡುತ್ತಾ ಬೆವರಿದರು. ಮುಂದಿನ ವಾರಗಳಲ್ಲಿ ಇನ್ನಿಬ್ಬರು ಡಾಕ್ಟರ್ ಹೆಂಗಸರು ಭಾನುವಾರ ಬರತೊಡಗಿದರು. ಬೋರ್ಡು ಗೋಡೆಯಲ್ಲಿ ಉಳಿಯಿತು, ಓದುವವರು ಉಳಿಯಲಿಲ್ಲ. ಜಯಕರ ನನ್ನನ್ನು ಕರೆದು, "ನಿನ್ನನ್ನು ಇಟ್ಟದ್ದು ಎಂತಕ್ಕೆ ಸದಾನಂದ?" ಎಂದು ಕೇಳಿದರು. ಹುಲ್ಲಿಗೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಆ ವರ್ಷದ ಕ್ಲಬ್ ಚಾಂಪಿಯನ್‌ಶಿಪ್ಪಿಗೆ ಐರಿನ್ ಬಾಯಿ ಹೆಸರು ಕೊಟ್ಟರು. ಇಬ್ಬಿಬ್ಬರು ಎದುರೆದುರು ಆಡಿ, ಒಂದೊಂದು ಹೋಲನ್ನು ಗೆಲ್ಲುತ್ತಾ ಹೋಗಿ, ಕೊನೆಗೆ ಹೆಚ್ಚು ಹೋಲು ಗೆದ್ದವರು ಪಂದ್ಯ ಗೆಲ್ಲುವ ಕ್ರಮ. ಹೆಂಗಸರು ಸೇರಬಾರದೆಂದು ಎಲ್ಲೂ ಹೇಳಿರಲಿಲ್ಲ, ಯಾರಿಗೂ ಅಂಥ ಯೋಚನೆಯೇ ಬಂದಿರಲಿಲ್ಲ. "ಬರ್ಲಿ ಬಿಡು, ಮೊದಲನೇ ಸುತ್ತಿನಲ್ಲೇ ಹೋಗ್ತಾರೆ" ಎಂದರು ಜಯಕರ. ಐರಿನ್ ಬಾಯಿ ಮೊದಲು ಒಬ್ಬ ಬಿಲ್ಡರನ್ನು, ಆಮೇಲೆ ಮೂಳೆ ಡಾಕ್ಟರೊಬ್ಬರನ್ನು, ಆಮೇಲೆ ನಮ್ಮಲ್ಲಿ ಹಿಂದಿನ ವರ್ಷ ಗೆದ್ದಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯನ್ನು ಸೋಲಿಸಿದರು. ಇನ್ನೊಂದು ಕಡೆಯಿಂದ ಜಯಕರ ಗೆದ್ದು ಬಂದರು. ಫೈನಲಿಗೆ ನಾನು ರೆಫರಿ. ಕಮಿಟಿಯೇ ನೇಮಿಸಿತ್ತು. ನಿಯಮ ಓದಿದವನು ನಾನೊಬ್ಬನೇ ಇದ್ದೆ.

ಮೈದಾನವನ್ನು ಎರಡು ಸಲ ಸುತ್ತಬೇಕಿತ್ತು. ಇಬ್ಬರೂ ಚೆನ್ನಾಗಿ ಆಡಿದರು. ಒಬ್ಬರು ಒಂದು ಹೋಲು ಮುಂದೆ ಹೋದರೆ ಇನ್ನೊಬ್ಬರು ಸರಿಗಟ್ಟುತ್ತಿದ್ದರು. ಎರಡನೇ ಸುತ್ತಿನ ಒಂಬತ್ತನೇ ಹೋಲಿಗೆ ಬಂದಾಗ ಸಮಸಮ. ಇನ್ನು ಈ ಒಂದು ಹೋಲು ಗೆದ್ದವರಿಗೆ ಚಾಂಪಿಯನ್‌ಶಿಪ್ಪಿನ ಕಪ್ಪು. ಗ್ರೀನ್ ಇರುವುದು ಕ್ಲಬ್ ಕಟ್ಟಡದ ಎದುರೇ. ಅಲ್ಲಿ ಜನ ಕುರ್ಚಿ ಹಾಕಿ ಕುಳಿತಿದ್ದರು.

ಆ ಹೋಲಿನ ಬಲಕ್ಕೆ ಹಿಂದೆ ಯಾವಾಗಲೋ ಮುರಕಲ್ಲು ಕಡಿದ ಒಂದು ಗುಂಡಿ ಇದೆ. ಅದರ ಅಂಚಿನಲ್ಲಿ ಗೇರು ಮರಗಳು. ಐರಿನ್ ಬಾಯಿ ಎಂದಿನಂತೆ ನಡುವಿಗೆ ಹೊಡೆದರು. ಜಯಕರ ಬಲವಾಗಿ ಬೀಸಿದರು, ಚೆಂಡು ಬಲಕ್ಕೆ ಬಾಗಿ ಗುಂಡಿಯ ಕಡೆ ಹೋಯಿತು. ಚೆಂಡು ಹುಡುಕಲು ನಾನು ಕೆಳಗಿನಿಂದ ಸುತ್ತಿ ಹೋದೆ, ಜಯಕರ ಮೇಲಿನಿಂದ ಬಂದರು. ನನಗೆ ಮೊದಲು ಕಂಡಿತು. ಕಡಿದ ಕಲ್ಲಿನ ಚಾಚಿದ ಅಂಚಿನ ಅಡಿಯಲ್ಲಿ ಚೆಂಡು ಸಿಕ್ಕಿಕೊಂಡಿತ್ತು. ಅಲ್ಲಿಂದ ಯಾವ ದೇವರೂ ಹೊಡೆಯಲಾರ. ನಾನು ಗೇರು ಮರದ ಹಿಂದೆ ಇದ್ದುದರಿಂದ ಜಯಕರರಿಗೆ ಕಾಣಲಿಲ್ಲ. ಅವರು ಚೆಂಡನ್ನು ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬಗ್ಗಿ, ಎರಡು ಬೆರಳಲ್ಲಿ ಚೆಂಡನ್ನು ಎತ್ತಿ, ಪಕ್ಕದಲ್ಲಿದ್ದ ಹುಲ್ಲಿನ ತುಣುಕಿನ ಮೇಲೆ ಮೆಲ್ಲಗೆ ಇಟ್ಟರು. ಆಮೇಲೆ ನೆಟ್ಟಗೆ ನಿಂತು, "ಸಿಕ್ಕಿತು" ಎಂದು ಕೂಗಿದರು.

ನಾನು ಕೂಗಿ ತಡೆಯುವ ಮೊದಲೇ ಹೊಡೆದರು. ಒಳ್ಳೆಯ ಹೊಡೆತ. ಮರಗಳ ಮೇಲಿಂದ ಹೋಗಿ ಚೆಂಡು ಗ್ರೀನಿನಲ್ಲಿ ಕುಳಿಯ ಹತ್ತಿರ ನಿಂತಿತು. ಕುರ್ಚಿಗಳಿಂದ ಚಪ್ಪಾಳೆ.

ಗ್ರೀನಿನ ತನಕ ನಡೆಯುವಾಗ ಆ ಎರಡು ಬೆರಳೇ ಕಣ್ಣೆದುರು ಇದ್ದವು. ಇಬ್ಬರೂ ಗ್ರೀನಿಗೆ ಬಂದ ಮೇಲೆ ಹೇಳಿದೆ:

"ಸರ್, ಈ ಹೋಲು ಐರಿನ್ ಬಾಯಿಯವರದ್ದು. ಪಂದ್ಯವೂ ಅವರದ್ದೇ."

"ಎಂತ ಹೇಳ್ತಾ ಇದ್ದಿ?"

"ಚೆಂಡು ಕಲ್ಲಿನ ಅಡಿಯಲ್ಲಿ ಇತ್ತು. ನೀವು ಕೈಯಲ್ಲಿ ತೆಗೆದು ಹುಲ್ಲಿನ ಮೇಲೆ ಇಟ್ಟು ಹೊಡೆದಿರಿ. ಹಾಗೆ ಮಾಡಿದರೆ ಆ ಹೋಲೇ ಹೋಯಿತು ಅಂತ ನಿಯಮ. ನಾನು ಗೇರು ಮರದ ಹತ್ತಿರವೇ ಇದ್ದೆ."

ಅವರು ಇಲ್ಲವೆನ್ನಲಿಲ್ಲ. ಸುತ್ತಲೂ ಒಮ್ಮೆ ನೋಡಿ, ನಗುವ ಹಾಗೆ ಮಾಡಿ, "ಅಲ್ಲಿಂದ ಹೊಡೆದ್ರೆ ಕೈ ಮುರೀತದೆ ಮಾರಾಯ" ಎಂದರು.

"ಹೊಡೆಯಬೇಕಂತ ಇಲ್ಲ ಸರ್. ಒಂದು ಹೊಡೆತ ದಂಡ ಅಂತ ಒಪ್ಪಿಕೊಂಡು ಚೆಂಡನ್ನು ಹೊರಗೆ ತೆಗೆಯಬಹುದಿತ್ತು. ಬಾಯಿ ಬಿಟ್ಟು ಹೇಳಬೇಕಿತ್ತು, ಅಷ್ಟೆ."

ಐರಿನ್ ಬಾಯಿ ತಮ್ಮ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

ಸಂಜೆ ಕಮಿಟಿ ಕೂತಿತು. ನನ್ನನ್ನು ಹೊರಗೆ ಕೂರಿಸಿದರು. ಗೋಡೆಯಾಚೆ ಕೇಳುತ್ತಿತ್ತು. ಐರಿನ್ ಬಾಯಿಗೆ ಸೋತಿದ್ದ ಮೂಳೆ ಡಾಕ್ಟರು, "ಇದು ಆಟ, ಕೋರ್ಟ್ ಅಲ್ಲ. ಈ ಮೈದಾನ ಯಾರಿಂದ ಆದದ್ದು ಅಂತಲೂ ನಾವು ನೋಡ್ಬೇಕು ಅಲ್ವಾ" ಎಂದರು. ಎಷ್ಟೋ ಮೂಳೆ ಕೂಡಿಸಿದ ಮನುಷ್ಯ, ತಮ್ಮ ಬೆನ್ನುಮೂಳೆಯನ್ನು ಎಲ್ಲಿ ಮರೆತು ಬಂದಿದ್ದರೋ. ಕೊನೆಗೆ ಹೊರಗೆ ಬಂದು ತೀರ್ಮಾನ ಹೇಳಿದರು. ಏನೋ ತಪ್ಪು ತಿಳುವಳಿಕೆ ಆಗಿದೆ, ಮುಂದಿನ ಭಾನುವಾರ ಫೈನಲನ್ನು ಪುನಃ ಆಡುವುದು. ತಪ್ಪು ತಿಳುವಳಿಕೆ ಯಾರದ್ದು ಎಂದು ಕೇಳಿದೆ. ಅವರು ತಮ್ಮ ಕಾರುಗಳ ಕಡೆ ಹೊರಟರು.

ಐರಿನ್ ಬಾಯಿ ಕಾರಿನ ಹತ್ತಿರ ಬೂಟು ಬಿಚ್ಚುತ್ತಿದ್ದರು. ಓಡಿ ಹೋಗಿ ಹೇಳಿದೆ: "ಒಪ್ಪಬೇಡಿ ಬಾಯಿ. ನೀವು ಗೆದ್ದಾಗಿದೆ. ಪುನಃ ಆಡ್ಲಿಕ್ಕೆ ನಿಯಮವೇ ಇಲ್ಲ."

"ನಾನು ಒಪ್ಪಿದೆ ಅಂತ ಆಗಲೇ ಹೇಳಿ ಆಯಿತು" ಎಂದರು.

"ಯಾಕೆ?"

"ಅವರು ಕೋಣೆಯೊಳಗೆ ಕೂತು ಕೊಡುವ ಕಪ್ಪು ನನಗೆ ಬೇಡ. ಗೇರು ಮರದ ಅಡಿಯಲ್ಲಿ ಸಿಕ್ಕಿದ್ದೂ ಬೇಡ. ನನಗೆ ಆಡ್ಲಿಕ್ಕೆ ಇಷ್ಟ ಸದಾನಂದ್ರೆ. ಇನ್ನೊಂದು ಸಲ ಆಡು ಅಂದ್ರೆ ನಾನು ಯಾಕೆ ಬೇಡ ಅನ್ನಲಿ?"

"ಮತ್ತೆ ನಾನು ಹೇಳಿದ್ದಕ್ಕೆ ಎಂತ ಬೆಲೆ?"

ಅವರು ಬೂಟನ್ನು ಚೀಲಕ್ಕೆ ಹಾಕಿ ನನ್ನನ್ನು ನೋಡಿದರು. "ನೀವು ನೋಡಿದ್ದನ್ನು ಹೇಳಿದಿರಿ. ಅದು ನಿಮ್ಮ ಕೆಲಸ, ಸರಿಯಾಗಿ ಮಾಡಿದಿರಿ. ಅದಕ್ಕೆ ನಾನು ಬೆಲೆ ಕಟ್ಟಬೇಕಾ?"

ಆ ರಾತ್ರಿ ಜಯಕರರಿಗಿಂತ ಹೆಚ್ಚು ಸಿಟ್ಟು ನನಗೆ ಐರಿನ್ ಬಾಯಿಯ ಮೇಲೆ ಬಂದಿತ್ತು. ನನ್ನ ಹೆಂಡತಿ ವಸಂತಿ, "ಆಡುವವರಿಗೇ ಇಲ್ಲದ ಬಿಸಿ ನಿಮಗೆ ಎಂತಕ್ಕೆ?" ಎಂದಳು. ಊಟದ ತಟ್ಟೆಯನ್ನು ದೂಡಿ ಎದ್ದೆ.

ಮುಂದಿನ ಭಾನುವಾರ ಉಡುಪಿ, ಮಣಿಪಾಲದಿಂದ ಗಾಲ್ಫ್ ಎಂದರೆ ಏನೆಂದು ತಿಳಿಯದವರೂ ಬಂದಿದ್ದರು. ಸುದ್ದಿ ಹಬ್ಬಿತ್ತು. ಜಯಕರರ ಎಂದಿನ ದೊಡ್ಡ ಧ್ವನಿ ಅಂದು ಇರಲಿಲ್ಲ. ರೆಫರಿಯಾಗಿ ನಾನೇ ಇರಬೇಕೆಂದು ಅವರೇ ಕಮಿಟಿಗೆ ಹೇಳಿದ್ದರು. ನಾನು ಅವರ ಬೆನ್ನ ಹಿಂದೆ ಅಂಟಿಕೊಂಡ ಹಾಗೆ ನಡೆದೆ. ಅವರ ಕೈಯಿಂದ ಒಂದು ಸಲವೂ ಕಣ್ಣು ತೆಗೆಯಲಿಲ್ಲ.

ಆ ಮನುಷ್ಯ ಅಂದು ಆಡಿದ ಆಟವನ್ನು ನಾನು ಹೇಗೆ ವಿವರಿಸಲಿ. ಬೀಸುವುದರಲ್ಲಿ ಅವಸರವಿಲ್ಲ. ಆ ದೊಡ್ಡ ಕೈಗಳು ಕೋಲನ್ನು ಹಕ್ಕಿಮರಿಯ ಹಾಗೆ ಹಿಡಿದಿದ್ದವು. ಎರಡನೇ ಸುತ್ತಿನ ಐದನೇ ಹೋಲಿನಲ್ಲಿ, ಎತ್ತರದ ಹುಲ್ಲಿನಲ್ಲಿ, ಹೊಡೆಯಲು ಕೋಲನ್ನು ಚೆಂಡಿನ ಹಿಂದೆ ಇಟ್ಟವರು ಹಾಗೆಯೇ ನಿಂತರು. "ಚೆಂಡು ಅಲುಗಾಡಿತು" ಎಂದರು. "ನನ್ನ ಕೋಲು ತಾಗಿ. ನನಗೆ ಒಂದು ದಂಡ." ನನಗೆ ಕಂಡಿರಲಿಲ್ಲ. ಅಷ್ಟು ಹತ್ತಿರ ನಿಂತೂ ಕಂಡಿರಲಿಲ್ಲ. ಆ ಹೋಲು ಅವರು ಸೋತರು. ಆಮೇಲಿನ ಎರಡು ಗೆದ್ದರು. ಕೊನೆಯ ಹೋಲಿಗೆ ಬಂದಾಗ ಪುನಃ ಸಮಸಮ. ಈ ಸಲ ಅವರ ಚೆಂಡು ಗುಂಡಿಯ ಕಡೆ ಹೋಗಲಿಲ್ಲ. ಗ್ರೀನಿನಲ್ಲಿ ಐರಿನ್ ಬಾಯಿಯ ಚೆಂಡು ಕುಳಿಯ ಅಂಚನ್ನು ಸುತ್ತಿ ಹೊರಗೆ ನಿಂತಿತು. ಜಯಕರರದ್ದು ಇಳಿಜಾರಿನಲ್ಲಿ ಬಾಗಿ ಬಾಗಿ ಬಂದು ಒಳಗೆ ಬಿತ್ತು.

ಗೆದ್ದವರು ಕಪ್ಪಿನ ಕಡೆ ನೋಡಲಿಲ್ಲ. ಐರಿನ್ ಬಾಯಿಯ ಎರಡೂ ಕೈ ಹಿಡಿದುಕೊಂಡು ನಿಂತರು. ಕಣ್ಣಲ್ಲಿ ನೀರಿತ್ತು. ಐರಿನ್ ಬಾಯಿ, "ಇಂಥ ಆಟ ನಾನು ಆಡಿ ಎಷ್ಟೋ ಸಮಯ ಆಯ್ತು ಜಯಕರಣ್ಣ" ಎಂದು ನಕ್ಕರು. ಸೋತವರ ನಗುವಾಗಿರಲಿಲ್ಲ ಅದು.

ಎಲ್ಲರಿಗೂ ಸಂತೋಷ. ನೋಡಿದಿರಾ, ಸತ್ಯ ಏನೆಂದು ಗೊತ್ತಾಯಿತಲ್ಲ ಎಂದರು ಕಮಿಟಿಯವರು. ಎರಡನೇ ಭಾನುವಾರ ಬಂದು ಮೊದಲನೆಯ ಭಾನುವಾರವನ್ನು ತೊಳೆದು ಹಾಕಿತು ಎಂದು ಅವರ ಲೆಕ್ಕ. ನನಗೆ ಮಾತ್ರ ಸಿಟ್ಟು. ಮೋಸಗಾರನಿಗೆ ಆಡಲು ಬರುವುದಿಲ್ಲ, ಅದಕ್ಕೇ ಮೋಸ ಮಾಡುತ್ತಾನೆ ಎಂದು ಅಷ್ಟು ವರ್ಷ ತಿಳಿದಿದ್ದೆ, ಒಂದು ರೀತಿಯ ಕನಿಕರವೂ ಇತ್ತು. ಈ ಮನುಷ್ಯನಿಗೆ ಬರುತ್ತಿತ್ತು. ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಕೈಯಲ್ಲಿ ಅಂಥದ್ದೊಂದು ಇಟ್ಟುಕೊಂಡು ಅಷ್ಟು ವರ್ಷ ಬೆರಳಲ್ಲಿ ಚೆಂಡು ಎತ್ತಿಟ್ಟುಕೊಂಡು ತಿರುಗಿದರಲ್ಲ. ತಾವು ಸೋಲಿಸಿದ ಪ್ರತಿಯೊಬ್ಬರಿಗೂ ಮೋಸ ಮಾಡಿದ್ದು ಒಂದು ಕಡೆ, ಆಟಕ್ಕೇ ಅವಮಾನ ಮಾಡಿದ್ದು ಇನ್ನೊಂದು. ಎರಡನೆಯದನ್ನು ನಾನು ಕ್ಷಮಿಸಲಾರೆ.

ನಿವೃತ್ತಿಯಾದರೂ ಇನ್ನು ಕೆಲವು ವರ್ಷ ಮುಂದುವರಿಯಿರಿ ಎಂದು ಮೊದಲು ಹೇಳಿದ್ದರು. ಆ ಫೈನಲಿನ ನಂತರ ಯಾರೂ ಆ ಮಾತೆತ್ತಲಿಲ್ಲ. ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಶಿಸ್ತಿನ ಮನುಷ್ಯ ಎಂದು ಹೊಗಳಿ ಕಳುಹಿಸಿದರು. ಶಾಲಿನ ಜೊತೆಗೆ ನನ್ನ ಸೋಮವಾರಗಳೂ ಹೋದವು, ಏಕೆಂದರೆ ನಾನು ಕೆಲಸದವನೂ ಅಲ್ಲ, ಸದಸ್ಯನೂ ಅಲ್ಲ. ಐರಿನ್ ಬಾಯಿ ತಮ್ಮ ಅತಿಥಿಯಾಗಿ ಬನ್ನಿ ಎಂದು ಎಷ್ಟೋ ಸಲ ಕರೆದರು. ನಾನು ನೆಟ್ಟ ಹುಲ್ಲಿನ ಮೇಲೆ ಅತಿಥಿಯಾಗಿ ನಡೆಯಲಾರೆ ಎಂದೆ.

ಹೋದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಜಯಕರ ನಮ್ಮ ಮನೆಗೆ ಬಂದರು. ಡ್ರೈವರ್ ಇಲ್ಲ, ತಾವೇ ಕಾರು ಓಡಿಸಿಕೊಂಡು ಬಂದಿದ್ದರು. ಮೈ ಸೊರಗಿ ಹೋಗಿದ್ದರು. ವಸಂತಿ ಚಹಾ, ಗೋಳಿಬಜೆ ತಂದಿಟ್ಟಳು. ಚಹಾ ಆರುವ ತನಕ ಅವರು ಅದನ್ನು ಮುಟ್ಟಲಿಲ್ಲ.

"ಆ ದಿನದ ಹಾಗೆ ಆಡ್ಲಿಕ್ಕೆ ಆಗ್ತಾ ಇಲ್ಲ ಸದಾನಂದ" ಎಂದರು. "ಅದಾದ ಮೇಲೆ ಒಂದು ಸಲವೂ ಆಗಲಿಲ್ಲ. ಚೆಂಡು ಕೆಟ್ಟಲ್ಲಿ ಬಿದ್ದರೆ ಕೈ ತನ್ನಷ್ಟಕ್ಕೆ ಹೋಗ್ತದೆ. ನೀನು ಭಾನುವಾರ ಬರಬೇಕು. ಆಡುವುದೂ ಬೇಡ, ಸುಮ್ಮನೆ ಜೊತೆಗೆ ನಡೆದರೆ ಸಾಕು. ಸದಸ್ಯತ್ವ ಬೇಕಾದ್ರೆ ಮಾಡಿಸಿ ಕೊಡ್ತೇನೆ."

"ನಾನು ನಡೆದರೆ ಎಂತ ಆಗ್ತದೆ?"

"ಆ ದಿನ ನೀನು ನೋಡ್ತಾ ಇದ್ದಿ. ಅದಕ್ಕೇ ಹಾಗೆ ಬಂತು ಅಂತ ನನಗೆ ಕಾಣ್ತದೆ."

"ಅದರ ಹಿಂದಿನ ಭಾನುವಾರವೂ ನಾನು ನೋಡ್ತಾ ಇದ್ದೆ ಜಯಕರಣ್ಣ" ಎಂದೆ.

ಸರ್ ಎಂದಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಅವರು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ವಸಂತಿಗೆ ಬರುತ್ತೇನೆಂದು ಹೇಳಿ ಹೊರಟರು. ಗೇಟಿನ ಹತ್ತಿರ ತಿರುಗಿ ನೋಡುತ್ತಾರೋ ಎಂದು ಕಾದೆ. ನೋಡಲಿಲ್ಲ.

"ಅಷ್ಟು ದೊಡ್ಡ ಜನ ಮನೆಗೆ ಬಂದು ಕೇಳಿದ್ರೆ ಒಂದು ದಿನ ಹೋಗಬಹುದಿತ್ತು" ಎಂದಳು ವಸಂತಿ. ಒಬ್ಬ ಕಾವಲುಗಾರನನ್ನು ಇಟ್ಟುಕೊಂಡು ಪ್ರಾಮಾಣಿಕನಾಗಲು ಹೊರಟಿದ್ದ ಆ ಮನುಷ್ಯನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಕೋಣೆಯ ಮೂಲೆಯಲ್ಲಿದ್ದ ಒಂದು ಕೋಲು, ಜೇಬಿಗೆ ನಾಲ್ಕು ಹಳೆಯ ಚೆಂಡು ಹಾಕಿಕೊಂಡು ಕಡಲ ಬದಿಗೆ ನಡೆದೆ. ಇಳಿತದ ಹೊತ್ತು. ಲೈಟ್‌ಹೌಸಿನಿಂದ ದೂರ, ಬಲೆ ಒಣಗಿಸುವ ಜಾಗವೂ ದಾಟಿದ ಮೇಲೆ ಮರಳು ಒದ್ದೆಯಾಗಿ ಗಟ್ಟಿಯಾಗಿತ್ತು. ಕಣ್ಣಿಗೆ ಕಾಣುವಷ್ಟು ದೂರ ಒಂದು ನಾಯಿಯೂ ಇರಲಿಲ್ಲ.

ಮೊದಲನೆಯದು ಮರಳಿಗೆ ಕುಕ್ಕಿತು. ಎರಡನೆಯದು ನೀರಿಗೆ ಹೋಯಿತು. ಮೂರನೆಯದನ್ನು ಹೊಡೆದಾಗ ಏನು ಸರಿಯಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಚೆಂಡು ಕಡಲಂಚಿಗೆ ಸಮಾನಾಂತರವಾಗಿ ಎದ್ದು, ಪಡುಬಿದ್ರಿಯ ಕಡೆಗೆ ಬೆಳ್ಳಗೆ ಹೋಗುತ್ತಲೇ ಇತ್ತು, ಎಷ್ಟು ಹೊತ್ತಾದರೂ ಕೆಳಗಿಳಿಯಲಿಲ್ಲ. ಬಾಯಿ ತೆರೆದುಕೊಂಡು ನೋಡುತ್ತ ನಿಂತೆ.

ಸಿಟ್ಟು ಹೋಗಲಿಲ್ಲ. ನಾಲ್ಕನೆಯ ಚೆಂಡನ್ನು ಮರಳಿನ ಮೇಲಿಟ್ಟೆ.